ಮೆಡಿಕಲ್ ಅಂಗಡಿಯ ರ‍್ಯಾಕಿನ ಮೇಲೆ ಒಂಬತ್ತು ಟ್ಯಾಂಕ್ ನಿಲ್ಲುತ್ತಾ?

ಗಪ್ಪಿಹುಡುಗ, ಕಲಬುರಗಿ

ನಮಸ್ಕಾರ ಎಲ್ಲರಿಗೂ. ಗಪ್ಪಿ ಮೀನು ಸಾಕೋಕೆ ಶುರು ಮಾಡಿ ಎರಡು ವರ್ಷ ಆಯ್ತು. ಮೊದಲು ಒಂದೇ ಟ್ಯಾಂಕ್. ಈಗ ನಾಲ್ಕು ಟ್ಯಾಂಕ್, ಮೂರು ಬಕೆಟ್, ಮತ್ತೆ ಹಳೇ ಕೂಲರಿನ ತೊಟ್ಟಿ ಒಂದು. ಗಪ್ಪಿ ಕಥೆ ಗೊತ್ತಲ್ಲ, ತಿಂಗಳಿಗೊಮ್ಮೆ ಮರಿ ಹಾಕುತ್ತೆ, ಮರಿಗಳಿಗೆ ಮೂರು ನಾಲ್ಕು ವಾರ ಆಗೋ ಹೊತ್ತಿಗೆ ಗಂಡು ಹೆಣ್ಣು ಬೇರೆ ಮಾಡಬೇಕು, ಇಲ್ಲಾಂದ್ರೆ ಕೆಂಪು ಬಾಲದ್ದು ನೀಲಿ ಬಾಲದ್ದು ಎಲ್ಲ ಕಲಸುಮೇಲೋಗರ ಆಗಿ ಕೊನೆಗೆ ಯಾವ ತಳಿಯೂ ಉಳಿಯೋದಿಲ್ಲ. ನಿನ್ನೆ ಅವ್ವ ಕೇಳಿಯೇ ಬಿಟ್ಟಳು, "ಬಕೆಟ್ ಎಲ್ಲ ಮೀನಿಗೇ ಆದ್ರ ನಾವು ಜಳಕ ಎದ್ರಾಗ ಮಾಡೂದು?"

ಹಾಗಾಗಿ ಈಗ ವಿಷಯಕ್ಕೆ ಬರ್ತೀನಿ. ಪರಿಚಯದವರೊಬ್ಬರು ಮೆಡಿಕಲ್ ಅಂಗಡಿ ಖಾಲಿ ಮಾಡಿದರು. ಅವರ ಹತ್ತಿರ ಒಂದು ಕಬ್ಬಿಣದ ರ‍್ಯಾಕ್ ತಗೊಂಡೆ. ತೂತು ತೂತಿನ ಆಂಗಲ್, ನಟ್ ಬೋಲ್ಟ್ ಹಾಕಿ ಜೋಡಿಸೋದು, ಆರೂವರೆ ಅಡಿ ಎತ್ತರ, ಮೂರಡಿ ಅಗಲ, 15 ಇಂಚು ಆಳ, ಐದು ತಗಡಿನ ಹಲಗೆ. ನನ್ನ ಟ್ಯಾಂಕ್‌ಗಳು 18 ಇಂಚು ಉದ್ದ, 12 ಅಗಲ, 12 ಎತ್ತರ. ಐಡಿಯಾ ಏನಂದ್ರೆ ಎರಡು ಹಲಗೆ ತೆಗೆದು ಮೂರು ಅಂತಸ್ತು ಮಾಡೋದು, ಒಂದೊಂದರಲ್ಲಿ ಮೂರು ಟ್ಯಾಂಕ್ ಸಣ್ಣ ಬದಿ ಮುಂದೆ ಬರುವಂತೆ ಒಳಗೆ ತಳ್ಳೋದು. ಒಟ್ಟು ಒಂಬತ್ತು. ಟ್ಯಾಂಕ್ ಮೂರು ಇಂಚು ಮುಂದಕ್ಕೆ ಚಾಚುತ್ತೆ, ಅಷ್ಟೇನೂ ಆಗಲ್ಲ ಅಲ್ವಾ?

ಕೊಟ್ಟವರು ಹೇಳಿದ್ದು ಒಂದು ಹಲಗೆ 80 ಕೆಜಿ ತಡೆಯುತ್ತೆ ಅಂತ. ಮನೆ ಗ್ರೌಂಡ್ ಫ್ಲೋರ್, ಕೆಳಗೆ ಶಹಾಬಾದ್ ಪರಸಿ, ಅಂದ್ರೆ ನೆಲಕ್ಕೆ ಹಾಸೋ ಚಪ್ಪಡಿ ಕಲ್ಲು.

ಸುಮ್ನೆ_ನೋಡುವವ

ಅಷ್ಟೇನೂ ಆಗಲ್ಲ. ಟ್ಯಾಂಕ್ ಬೀಳುತ್ತೆ, ಅಷ್ಟೇ.

ಎರಿನೆಲ, ಕಲಬುರಗಿ

ತಮ್ಮಾ, ಮೊದಲು ತೂಕ ಹಾಕೋಣ. 18 × 12 × 12 ಅಂದ್ರೆ ಒಂದೂವರೆ ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. ಅಂದ್ರೆ ಕಂಠದವರೆಗೆ ತುಂಬಿದರೆ 42 ಲೀಟರಿಗೂ ಸ್ವಲ್ಪ ಜಾಸ್ತಿ. ಒಂದೂವರೆ ಇಂಚು ಬಿಟ್ಟು ತುಂಬ್ತೀಯ ಅಂತ ಇಟ್ಟುಕೊಂಡರೂ 37 ಲೀಟರ್, ಅಂದ್ರೆ 37 ಕೆಜಿ ಬರೀ ನೀರು. 5 ಎಂಎಂ ಗಾಜು ಚದರ ಮೀಟರಿಗೆ ಹನ್ನೆರಡೂವರೆ ಕೆಜಿ ತೂಗುತ್ತೆ, ನಿನ್ನ ಟ್ಯಾಂಕಿಗೆ ಅದು ಏಳೂವರೆ ಕೆಜಿ. ಮೇಲೆ ಐದು ಕೆಜಿ ಉಸುಕು. ಒಂದು ಟ್ಯಾಂಕ್ 50 ಕೆಜಿ ಹತ್ತಿರ. ಮೂರಕ್ಕೆ 150. ಮೂರು ಅಂತಸ್ತಿಗೆ 450. ಅದು ನಾಲ್ಕೂವರೆ ಕ್ವಿಂಟಲ್ ತೊಗರಿ. ಗಂಜ್‌ನಲ್ಲಿ ಚೀಲ ಹೊರೋ ಹಮಾಲರನ್ನು ಕೇಳು, ಅದನ್ನ ತಗಡಿನ ಮೇಲೆ ಇಡ್ತಾರಾ ಅಂತ.

80 ಕೆಜಿ ಅಂತ ಹೇಳಿದ್ದು ಸುಳ್ಳು ಅಂತ ನಾನು ಹೇಳಲ್ಲ. ಆದರೆ ಅದು ಹಲಗೆ ತುಂಬ ಸಮನಾಗಿ ಹರಡಿದ ಭಾರಕ್ಕೆ. ಗುಳಿಗೆ ಡಬ್ಬಿ ಇಟ್ಟಾಗ ಹಲಗೆ ಅರ್ಧ ಇಂಚು ಬಗ್ಗಿದರೂ ಡಬ್ಬಿಗೆ ಏನಾಗಬೇಕು? ಗಾಜಿಗೆ ಹಂಗಲ್ಲ. ಹಲಗೆ ನಡುವೆ ತಗ್ಗಾಯಿತು ಅಂದ್ರೆ ಟ್ಯಾಂಕಿನ ತಳ ಎರಡು ತುದಿ ಮೇಲೆ ಮಾತ್ರ ಕೂತಿರುತ್ತೆ. ನಡುವಿನ ನೀರೆಲ್ಲ ಗಾಜಿನ ಮೇಲೇ ನೇತಾಡುತ್ತೆ. ಮತ್ತೆ ಆ ಹಲಗೆ ರ‍್ಯಾಕಿಗೆ ಹಿಡಿದಿರೋದು ನಾಲ್ಕು ಮೂಲೆಯ ಬೋಲ್ಟಿನಿಂದ. ಹಲಗೆಯ ಗೇಜ್ ಎಷ್ಟು ನೋಡಿ ಹೇಳು. ಗೇಜ್ ನಂಬರ್ ಹೆಚ್ಚಾದಷ್ಟೂ ತಗಡು ತೆಳು, ಅದು ಉಲ್ಟಾ ಲೆಕ್ಕ. 22 ಗೇಜ್ ಅಂದ್ರೆ 0.7 ಎಂಎಂ, 18 ಅಂದ್ರೆ 1.2 ಎಂಎಂ.

ಮೂರು ಇಂಚು ಚಾಚೋದು ಮಾತ್ರ ಬೇಡವೇ ಬೇಡ. ತಳ ಪೂರ್ತಿ ಕೂತಿರಬೇಕು.

ಗಪ್ಪಿಹುಡುಗ

ಅಣ್ಣಾ, ಹಲಗೆ ಕೈಯಲ್ಲಿ ಒತ್ತಿದರೆ ಟಪ್ ಅಂತ ಒಳಗೆ ಹೋಗಿ ಟಪ್ ಅಂತ ಹೊರಗೆ ಬರುತ್ತೆ. ಎಣ್ಣೆ ಡಬ್ಬದ ಮುಚ್ಚಳದ ಥರ. ಗೇಜ್ ಕೇಳೋದೇ ಬೇಡ ಅನ್ಸುತ್ತೆ.

ಶಹಾಪುರದ_ಮೀನು

ನನ್ನ ಕಥೆ ಕೇಳಿ, ಆಮೇಲೆ ನಿರ್ಧಾರ ಮಾಡಿ. ನಾಲ್ಕು ವರ್ಷದ ಹಿಂದಿನ ಮಾತು. ನಾನೂ ಇದೇ ಥರದ ರ‍್ಯಾಕ್ ಹೊಸದಾಗಿಯೇ ತಂದಿದ್ದೆ, ಅಂಗಡಿಯವರು "ಇದರ ಮೇಲೆ ನೀವೇ ನಿಂತ್ಕೊಳ್ಳಿ ಸಾರ್" ಅಂತ ನಿಂತೂ ತೋರಿಸಿದ್ದರು. ಅವರು ನಿಂತಿದ್ದು ಒಂದು ನಿಮಿಷ, ನನ್ನ ಟ್ಯಾಂಕ್ ನಿಂತಿದ್ದು ಹನ್ನೊಂದು ತಿಂಗಳು. ಎರಡಡಿಯ ಟ್ಯಾಂಕ್, ಏಂಜೆಲ್ ಮೀನಿನ ಜೋಡಿ ಒಂದು, ಮೊಟ್ಟೆ ಇಡೋ ಹಂತಕ್ಕೆ ಬಂದಿತ್ತು. ದಿನಾ ನೋಡ್ತಿದ್ದರೂ ಹಲಗೆ ಬಗ್ಗಿದ್ದು ಗೊತ್ತಾಗಿರಲಿಲ್ಲ, ಯಾಕಂದ್ರೆ ಒಂದೇ ದಿನಕ್ಕೆ ಬಗ್ಗಲ್ಲವಲ್ಲ. ನೀರಿನ ಗೆರೆ ಮಾತ್ರ ಎಡಗಡೆ ಸ್ವಲ್ಪ ಮೇಲಿತ್ತು. ನಾನು ಟ್ಯಾಂಕ್ ಮಾಡಿದವನು ಗಾಜು ಸೊಟ್ಟ ಕತ್ತರಿಸಿದ್ದಾನೆ ಅಂದುಕೊಂಡು ಸುಮ್ಮನಿದ್ದೆ.

ಒಂದು ರಾತ್ರಿ ಎರಡೂವರೆಗೆ "ಟಿಕ್" ಅಂತ ಶಬ್ದ. ಅಷ್ಟೇ, ದೊಡ್ಡ ಶಬ್ದ ಏನಿಲ್ಲ. ಹಲ್ಲಿ ಇರಬೇಕು ಅಂತ ಮಗ್ಗುಲು ಬದಲಿಸಿದೆ. ಬೆಳಿಗ್ಗೆ ಎದ್ದು ಕಾಲಿಟ್ಟರೆ ನೆಲ ತಣ್ಣಗೆ. ತಳದ ಗಾಜಿನಲ್ಲಿ ಮೂಲೆಯಿಂದ ಮೂಲೆಗೆ ಕೂದಲೆಳೆಯಂಥ ಒಂದು ಗೆರೆ. ಟ್ಯಾಂಕಲ್ಲಿ ನಾಲ್ಕು ಬೆರಳು ನೀರು ಉಳಿದಿತ್ತು, ಎರಡೂ ಏಂಜೆಲ್ ಅಡ್ಡ ಮಲಗಿಕೊಂಡು ಬಾಯಿ ಬಿಡ್ತಿದ್ದವು. ಬದುಕಿದವು ಅನ್ನಿ. ಆದರೆ ಕೆಳಗಿನ ಹಲಗೆಯಲ್ಲಿ ನಮ್ಮ ಮನೆಯ ಕಾಗದಪತ್ರದ ಟ್ರಂಕ್ ಇತ್ತು. ಪಹಣಿ, ಮಾರ್ಕ್ಸ್ ಕಾರ್ಡು, ಎಲ್ಲ ಒದ್ದೆ. ಅಪ್ಪ ಒಂದು ವಾರ ಅವನ್ನೆಲ್ಲ ಹಗ್ಗದ ಮೇಲೆ ಒಣಹಾಕಿದರು. ನನ್ನ ಕೂಡ ಮಾತಾಡಲಿಲ್ಲ.

ಬೀದರ್_ಅಕ್ಕ

ಅಯ್ಯೋ ಪಾಪ. ಹಗ್ಗದ ಮೇಲೆ ಮಾರ್ಕ್ಸ್ ಕಾರ್ಡು!

ನನ್ನ ಹತ್ತಿರ ಹನ್ನೊಂದು ಟ್ಯಾಂಕ್ ಇವೆ, ಎರಡು ರ‍್ಯಾಕ್ ಮೇಲೆ, ಆರು ವರ್ಷ ಆಯ್ತು. ಆದರೆ ನಂದು ಬೀಮ್ ಇರೋ ರ‍್ಯಾಕ್. ಅಂದ್ರೆ ಹಲಗೆ ಕೆಳಗೆ ಮುಂದೊಂದು ಹಿಂದೊಂದು ದಪ್ಪ ಪಟ್ಟಿ ಇರುತ್ತೆ, ಭಾರ ಅದರ ಮೇಲೆ ಹೋಗುತ್ತೆ, ಹಲಗೆ ಸುಮ್ನೆ ಮೇಲೆ ಕೂತಿರುತ್ತೆ ಅಷ್ಟೇ. ಗೋದಾಮಿನಲ್ಲಿ ಇಡೋ ಥರದ್ದು. ರ‍್ಯಾಕ್ ಅಂದ ಕೂಡಲೇ ಎಲ್ಲಾ ಒಂದೇ ಅಲ್ಲಪ್ಪ. ನಿನ್ನದರಲ್ಲಿ ಬೀಮ್ ಇಲ್ಲ, ತಗಡೇ ಬೀಮು, ಅದೇ ತೊಂದರೆ.

ಇನ್ನೊಂದು. ಅಂತಸ್ತಿನ ನಡುವೆ ಎಷ್ಟು ಜಾಗ ಬಿಡ್ತೀಯ? ಹೊಸಬರು ಇಲ್ಲೇ ಎಡವೋದು. 12 ಇಂಚಿನ ಟ್ಯಾಂಕಿಗೆ 15 ಇಂಚು ಬಿಟ್ಟರೆ ಫೋಟೋದಲ್ಲಿ ಚೆಂದ ಕಾಣುತ್ತೆ, ಆದರೆ ಬಲೆ ಹಾಕೋಕೆ ಕೈ ಹೋಗಲ್ಲ, ಮರಿ ಹಿಡಿಯೋಕೆ ಆಗಲ್ಲ, ಕೊನೆಗೆ ತೊಳೆಯೋದೇ ಬಿಟ್ಟುಬಿಡ್ತೀಯ. ಟ್ಯಾಂಕಿನ ಮೇಲೆ ಕನಿಷ್ಠ ಒಂಬತ್ತು ಹತ್ತು ಇಂಚು ಖಾಲಿ ಬೇಕು. ನಾನು 22 ಇಂಚಿಗೊಂದು ಅಂತಸ್ತು ಇಟ್ಟಿದ್ದೀನಿ.

ಆಂಗಲ್_ಕಾಕಾ, ಕಪನೂರ

ನಾನು ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ವೆಲ್ಡಿಂಗ್ ಕೆಲಸ ಮಾಡ್ತೀನಿ, ಮೀನು ಸಾಕಲ್ಲ, ಮಗ ಸಾಕ್ತಾನೆ. ಅವನೇ ಇದನ್ನ ತೋರಿಸಿದ.

ರ‍್ಯಾಕ್ ಎಸಿಬೇಡ. ನಾಲ್ಕು ಕಂಬ ಚಲೋ ಇದ್ರೆ ಇಟ್ಕೋ, ಹಲಗೆ ಐದೂ ತೆಗೆದು ಬದಿಗಿಡು. 35 × 35 × 5 ಎಂಎಂ ಆಂಗಲ್ ತಗೊಂಡು ಮಂಚದ ಚೌಕಟ್ಟಿನ ಥರ ಮೂರು ಚೌಕಟ್ಟು ಮಾಡಿಸು. ಕಂಬ ಬಿಡಿ ಬಿಡಿಯಾಗಿರೋದ್ರಿಂದ ಆಳ 15 ಇಂಚೇ ಇರಬೇಕು ಅಂತ ಏನಿಲ್ಲ, ಚೌಕಟ್ಟು ಎಷ್ಟು ಮಾಡ್ತೀಯೋ ರ‍್ಯಾಕ್ ಅಷ್ಟು. 18 ಇಂಚು ಆಳ ಇಡು, ಟ್ಯಾಂಕ್ ಬರೋಬ್ಬರಿ ಕೂಡುತ್ತೆ. ಅಗಲ 36 ಇಡಬೇಡ, ಮೂರು ಟ್ಯಾಂಕ್ ಗಾಜಿಗೆ ಗಾಜು ತಾಗುತ್ತೆ. 39 ಇಡು. ಟ್ಯಾಂಕ್ ಟ್ಯಾಂಕ್ ನಡುವೆ ಒಂದೊಂದು ಇಂಚು ಸಿಗುತ್ತೆ, ಪೈಪು ಇಳಿಬಿಡೋಕೂ ಆಗುತ್ತೆ. ಟ್ಯಾಂಕ್ ಸಂದು ಬರೋ ಕಡೆ ಎರಡು ಅಡ್ಡ ಪಟ್ಟಿ. ಈ ಆಂಗಲ್ ಮೀಟರಿಗೆ 2.6 ಕೆಜಿ. ಒಂದು ಚೌಕಟ್ಟಿಗೆ ಸುಮಾರು ಹತ್ತು ಕೆಜಿ ಕಬ್ಬಿಣ, ಮೂರಕ್ಕೆ ಮೂವತ್ತು. ಇಷ್ಟಕ್ಕೆ ಯಾರಾದರೂ ಇನ್ನೂ ಜಾಸ್ತಿ ತೂಕ ಹೇಳಿದ್ರೆ ಎದುರಿಗೇ ತೂಗಿಸು.

ಮೂಲೆಗೆ ಎರಡೆರಡು 8 ಎಂಎಂ ಬೋಲ್ಟ್, ವಾಷರ್ ಹಾಕಿ. ಹಿಂದುಗಡೆ ಗುಣಾಕಾರದ ಚಿಹ್ನೆಯ ಥರ ಎರಡು ಪಟ್ಟಿ ಅಡ್ಡ ಹಾಕಲೇಬೇಕು. ಈ ಥರದ ರ‍್ಯಾಕ್ ಕೆಳಗೆ ಕುಸಿದು ಬೀಳೋದಕ್ಕಿಂತ ಪಕ್ಕಕ್ಕೆ ವಾಲಿ ಬೀಳೋದೇ ಜಾಸ್ತಿ. ಬೆಂಕಿಪೆಟ್ಟಿಗೆ ಎರಡೂ ಕಡೆ ತೆರೆದು ಒತ್ತಿ ನೋಡು, ಹೆಂಗೆ ಮಲಗುತ್ತೆ. ಹಂಗೆ. ವೆಲ್ಡ್ ಆದ ಮೇಲೆ ರೆಡ್ ಆಕ್ಸೈಡ್ ಎರಡು ಕೋಟ್, ಮೇಲೆ ಎನಾಮೆಲ್ ಪೇಂಟ್. ನೀರು ಚೆಲ್ಲೋ ಜಾಗ, ಬರೀ ಕಬ್ಬಿಣ ಬಿಟ್ರೆ ಒಂದೇ ಮಳೆಗಾಲ.

ಎರಿನೆಲ

ಕಾಕಾ ಹೇಳಿದ್ದು ಖರೆ. ಕಂಬದ ದಪ್ಪ ಮಾತ್ರ ನೋಡು, 14 ಗೇಜ್ ಇದ್ರೆ ನಿಶ್ಚಿಂತೆ, 2 ಎಂಎಂ ಬರುತ್ತೆ.

ಗಪ್ಪಿಹುಡುಗ

ಕಂಬ ಅಳೆಸಿದೆ, 2 ಎಂಎಂ ಇದೆ! ಕಾಕಾ, ಭಾಳ ಉಪಕಾರ ಆಯ್ತು.

ಇನ್ನೊಂದು ಡೌಟು. ಚೌಕಟ್ಟಿನ ಮೇಲೆ ಏನು ಹಾಸಬೇಕು? ಮನೆ ಹಿಂದೆ ಕಟ್ಟಡಕ್ಕೆ ತಂದು ಉಳಿದ ಪರಸಿ ಕಲ್ಲು ಇವೆ. ಅಡುಗೆಮನೆ ಗೋಡೆಯಲ್ಲಿ ಅದೇ ಕಲ್ಲಿನ ಹಲಗೆ ನಲವತ್ತು ವರ್ಷದಿಂದ ಹಿಟ್ಟಿನ ಡಬ್ಬಿ ಹೊತ್ತುಕೊಂಡಿದೆ. ಅದನ್ನೇ ಕೊಯ್ಯಿಸಿ ಹಾಕಲಾ? ಪುಕ್ಕಟೆ ಆಗುತ್ತೆ.

ಸುಮ್ನೆ_ನೋಡುವವ

ಕಲಬುರಗಿಯವರಿಗೆ ಯಾವ ಸಮಸ್ಯೆ ಬಂದರೂ ಉತ್ತರ ಶಹಾಬಾದ್ ಕಲ್ಲು.

ಎರಿನೆಲ

ನಗಬೇಡಿ, ಅದು ಕೆಟ್ಟ ಐಡಿಯಾ ಏನಲ್ಲ. ನೀರಿಗೆ ಉಬ್ಬಲ್ಲ, ಕೊಳೆಯಲ್ಲ. ಆದರೆ ತೂಕ ನೋಡು. 39 × 18 ಇಂಚು, ಒಂದಿಂಚು ದಪ್ಪ ಅಂದ್ರೆ 30 ಕೆಜಿ. ಮೂರು ಅಂತಸ್ತಿಗೆ 90 ಕೆಜಿ ಬರೀ ಕಲ್ಲು. ಮೇಲಿನ ಅಂತಸ್ತಿಗೆ ಅಷ್ಟು ಭಾರ ಏರಿಸಿದರೆ ರ‍್ಯಾಕಿನ ತಲೆ ಭಾರ ಆಗುತ್ತೆ. ಇನ್ನೊಂದು, ಪ್ಲೈವುಡ್ ಮೊದಲು ಬಗ್ಗುತ್ತೆ, ಆಮೇಲೆ ಮುರಿಯುತ್ತೆ, ನಿನಗೆ ಸುಳಿವು ಸಿಗುತ್ತೆ. ಕಲ್ಲು ಬಗ್ಗೋ ಜಾತಿಯೇ ಅಲ್ಲ, ಒಮ್ಮೆಗೇ ಬಿರಿಯುತ್ತೆ. ಕೆಳಗಿನ ಅಂತಸ್ತಿಗೆ ಕಲ್ಲು ಹಾಕು, ಮೇಲಿನ ಎರಡಕ್ಕೆ 18 ಎಂಎಂ ಪ್ಲೈವುಡ್. ಪ್ಲೈವುಡ್ ಮೇಲೆ ಐಎಸ್ 710 ಅಂತ ಮುದ್ರೆ ಇರಬೇಕು, ಅದು ನೀರು ತಡೆಯೋ ಜಾತಿ. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಕಡೆ ನೋಡಲೇಬೇಡ, ನೀರು ತಾಗಿದರೆ ಚಹಾದಲ್ಲಿ ಅದ್ದಿದ ಬಿಸ್ಕತ್ತು.

ಬೀದರ್_ಅಕ್ಕ

ಕಲ್ಲು ಕೆಳಗೆ ಹಾಕು, ಟ್ಯಾಂಕ್ ಒಳಗೆ ಮಾತ್ರ ಹಾಕಬೇಡ. ಶಹಾಬಾದ್ ಅಂದ್ರೆ ಸುಣ್ಣದ ಕಲ್ಲು. ಕೊಳವೆಬಾವಿ ನೀರು ಮೊದಲೇ ಗಡಸು, ಅದನ್ನ ಇನ್ನೂ ಗಡಸು ಮಾಡುತ್ತೆ. ಗಪ್ಪಿ, ಮೋಲಿ ತಡ್ಕೊಳ್ತವೆ, ಅವಕ್ಕೆ ಗಡಸು ನೀರೇ ಇಷ್ಟ. ನಾಳೆ ನಿಯಾನ್ ಟೆಟ್ರಾ ತರೋ ಆಸೆ ಬಂದ್ರೆ ಆಗ ಕಷ್ಟ.

ಶಹಾಪುರದ_ಮೀನು

ಟ್ಯಾಂಕಿನ ತಳದ ಕೆಳಗೆ ಥರ್ಮೋಕೋಲ್ ಹಾಸೋದು ಮರೀಬೇಡ. ಅರ್ಧ ಇಂಚಿನದ್ದು.

ಹಳೇ_ಬಲೆ, ಕಲಬುರಗಿ

ಥರ್ಮೋಕೋಲ್ ಹಾಕಿದರೆ ಎಲ್ಲ ಸರಿಹೋಗುತ್ತೆ ಅಂತ ಜನ ತಿಳ್ಕೊಂಡಿದ್ದಾರೆ. ಅದು ಉಸುಕಿನ ಕಣ, ಬೋಲ್ಟಿನ ತಲೆ, ಪೇಂಟಿನ ಗಂಟು, ಇಂಥ ಸಣ್ಣ ಉಬ್ಬು ನುಂಗುತ್ತೆ. ಚೌಕಟ್ಟೇ ತಿರುಚಿದ್ದರೆ ಅದು ಏನೂ ಮಾಡಲ್ಲ. ಚಾಪೆ ಹಾಸಿದ ಮಾತ್ರಕ್ಕೆ ಸೊಟ್ಟ ಮಂಚ ನೆಟ್ಟಗಾಗಲ್ಲ. ಮತ್ತೆ ಕೆಳಗಡೆ ಪ್ಲಾಸ್ಟಿಕ್ ಫ್ರೇಮ್ ಇರೋ ಕಂಪನಿ ಟ್ಯಾಂಕಿಗೆ ಥರ್ಮೋಕೋಲ್ ಹಾಕಬಾರದು, ಅದರ ಭಾರ ಫ್ರೇಮಿನ ಮೇಲೆ ಕೂಡಬೇಕು, ತಳದ ಗಾಜಿನ ಮೇಲಲ್ಲ. ನಮ್ಮೂರಲ್ಲಿ ಗಾಜಿಗೆ ಗಾಜು ಸಿಲಿಕಾನ್ ಹಚ್ಚಿ ಮಾಡಿದ ಟ್ಯಾಂಕೇ ಜಾಸ್ತಿ, ಅದಕ್ಕೆ ಹಾಕಿ.

ಶಹಾಪುರದ_ಮೀನು

ನಾನು ಎಲ್ಲ ಸರಿಹೋಗುತ್ತೆ ಅಂತ ಎಲ್ಲಿ ಹೇಳಿದೆ ಮಾರಾಯ್ರೆ, ಮರೀಬೇಡ ಅಂದೆ ಅಷ್ಟೇ.

ಎರಿನೆಲ

ಜಗಳ ಬಿಡಿ. ಲೆವೆಲ್ ಬಗ್ಗೆ ನಾನು ಹೇಳಬೇಕಾದ್ದು ಇದೆ, ಯಾಕಂದ್ರೆ ನನ್ನ ಹೊಟ್ಟೆಪಾಡೇ ಅದು. ನಮ್ಮ ಊರಿನ ಎರಿ ಮಣ್ಣು, ಅಂದ್ರೆ ಕಪ್ಪು ಮಣ್ಣು, ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತೆ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತೆ. ಹೊಲದಲ್ಲಿ ಕಾಲು ಹೋಗುವಷ್ಟು ಬಿರುಕು ನೋಡೇ ಇರ್ತೀರಿ. ಪಾಯ ಗಟ್ಟಿ ಇರೋ ಮನೆಯಲ್ಲೂ ಪಾಯದ ನಡುವಿನ ನೆಲ ಆ ಮಣ್ಣಿನ ಮೇಲೇ ಕೂತಿರುತ್ತೆ. ಹಂಗಾಗಿ ಪರಸಿ ಒಂದೊಂದು ಕಡೆ ಏರುತ್ತೆ, ಒಂದೊಂದು ಕಡೆ ಇಳಿಯುತ್ತೆ. ನಮ್ಮನೆ ಹಾಲ್‌ನಲ್ಲಿ ಗೋಲಿ ಬಿಟ್ಟರೆ ಜೂನ್‌ನಲ್ಲಿ ದೇವರಮನೆ ಕಡೆ ಹೋಗುತ್ತೆ, ಏಪ್ರಿಲ್‌ನಲ್ಲಿ ಬಾಗಿಲ ಕಡೆ. ಅದಕ್ಕೆ ರ‍್ಯಾಕ್ ಇಟ್ಟ ದಿನ ಒಮ್ಮೆ ಲೆವೆಲ್ ನೋಡಿದರೆ ಸಾಲದು. ನಾಲ್ಕೂ ಕಾಲಿನ ಕೆಳಗೆ ನಾಲ್ಕಿಂಚು ಚೌಕದ ದಪ್ಪ ಕಬ್ಬಿಣದ ಪ್ಲೇಟ್ ಹಾಕು, ಇಲ್ಲಾಂದ್ರೆ ಎಲ್ಲ ಸೇರಿ 500 ಕೆಜಿ ನಾಲ್ಕು ಚೂಪು ತುದಿ ಮೇಲೆ ನಿಲ್ಲುತ್ತೆ, ಪರಸಿ ಒಡೆಯುತ್ತೆ. ತಗ್ಗಿರೋ ಕಾಲಿಗೆ ಇನ್ನೊಂದು ತೆಳು ಪ್ಲೇಟ್ ಸೇರಿಸು. ಕಟ್ಟಿಗೆ ಚಕ್ಕೆ, ರಟ್ಟು ತುರುಕಬೇಡ.

ಮೇಲಿನ ಮಹಡಿಯಲ್ಲಿ ಇಡೋರಿಗೆ ಒಂದು ಮಾತು. ಮನೆಯ ಕೋಣೆಗೆ ಐಎಸ್ 875 (ಕಟ್ಟಡದ ಭಾರ ಲೆಕ್ಕ ಹಾಕೋ ಮಾನದಂಡ) ಪ್ರಕಾರ ಲೆಕ್ಕ ಹಾಕೋ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 200 ಕೆಜಿ. ಈ ರ‍್ಯಾಕ್ ಅರ್ಧ ಚದರ ಮೀಟರ್ ಕೂಡ ಇಲ್ಲದ ಜಾಗದಲ್ಲಿ 500 ಕೆಜಿ ಇಡುತ್ತೆ. ತಕ್ಷಣ ಬೀಳುತ್ತೆ ಅಂತಲ್ಲ, ಸ್ಲ್ಯಾಬ್ ಭಾರ ಹಂಚಿಕೊಳ್ಳುತ್ತೆ, ಆದರೆ ಬೀಮ್ ಎಲ್ಲಿದೆ ಅಂತ ಎಂಜಿನಿಯರ್ ಕೇಳದೆ ಇಡಬೇಡಿ. ಕಟ್ಟಿಗೆ ತೊಲೆ ಮೇಲೆ ಮಣ್ಣು ಹಾಕಿದ ಹಳೇ ಮಾಳಿಗೆ ಮನೆ ಆದ್ರೆ ಕೇಳೋದೂ ಬೇಡ, ಇಡೋದೂ ಬೇಡ.

ಬೀದರ್_ಅಕ್ಕ

ನಮ್ಮ ಬೀದರಿನಲ್ಲಿ ಕೆಂಪು ಕಲ್ಲಿನ ಮೇಲೆ ಮನೆ, ಗೋಲಿ ಎಲ್ಲೂ ಹೋಗಲ್ಲ. 😄

ಆದರೆ ರ‍್ಯಾಕನ್ನ ಗೋಡೆಗೆ ಕಚ್ಚಿಸೋದು ಯಾರೂ ಹೇಳಲಿಲ್ಲ. ಮೇಲಿನ ಎರಡು ಮೂಲೆಗೆ ಎಲ್ ಕ್ಲ್ಯಾಂಪ್ ಹಾಕಿ ಗೋಡೆಗೆ ಆಂಕರ್ ಬೋಲ್ಟ್ ಹೊಡೆಸು. 1993ರಲ್ಲಿ ಕಿಲ್ಲಾರಿ ಭೂಕಂಪ ಆದಾಗ ನಾನು ಸಣ್ಣವಳು, ಬೆಳಗಿನ ಜಾವ ಪಾತ್ರೆ ಎಲ್ಲ ತಾನೇ ಬಡಿದುಕೊಂಡಿದ್ದು ಇನ್ನೂ ನೆನಪಿದೆ. 2021ರ ಅಕ್ಟೋಬರ್‌ನಲ್ಲಿ ನಿಮ್ಮ ಚಿಂಚೋಳಿ ಕಡೆ ಗಡಿಕೇಶ್ವಾರದ ಸುತ್ತ ಮತ್ತೆ ಮತ್ತೆ ನಡುಗಿತಲ್ಲ, ಆಗಲೇ ನಾನು ಎರಡೂ ರ‍್ಯಾಕ್ ಗೋಡೆಗೆ ಕಟ್ಟಿಸಿದ್ದು. ಭೂಕಂಪ ಬಿಡು, ನಿನ್ನ ತಂಗಿ ಮಗನೋ ಅಣ್ಣನ ಮಗನೋ ಬಂದು ಮೀನು ನೋಡೋಕೆ ರ‍್ಯಾಕ್ ಹತ್ತಲ್ಲ ಅಂತ ಏನು ಗ್ಯಾರಂಟಿ?

ಕರೆಂಟಿನ ವಿಷಯ ಚುಟುಕಾಗಿ ಹೇಳ್ತೀನಿ. ಒಂದೇ ದೊಡ್ಡ ಏರ್ ಪಂಪ್, ಎಲ್ಲ ಟ್ಯಾಂಕಿಗೂ ಸ್ಪಂಜ್ ಫಿಲ್ಟರ್. ಪಂಪನ್ನ ಎಲ್ಲಾ ಟ್ಯಾಂಕಿಗಿಂತ ಮೇಲೆ ಇಡು, ಇಲ್ಲಾಂದ್ರೆ ಕರೆಂಟ್ ಹೋದಾಗ ನೀರು ಪೈಪಿನಲ್ಲಿ ವಾಪಸ್ ಇಳಿದು ಪಂಪಿಗೆ ಬರುತ್ತೆ. ಎಕ್ಸ್‌ಟೆನ್ಷನ್ ಬೋರ್ಡ್ ನೆಲದ ಮೇಲೆ ಬೇಡ, ಟ್ಯಾಂಕಿನ ಕೆಳಗೂ ಬೇಡ, ಪಕ್ಕದ ಗೋಡೆಗೆ. ವೈರ್ ಬೋರ್ಡಿಗೆ ಹೋಗೋ ಮುಂಚೆ ಒಮ್ಮೆ ಕೆಳಗೆ ಜೋತುಬಿದ್ದು ಆಮೇಲೆ ಮೇಲೆ ಹೋಗಲಿ, ವೈರ್ ಹಿಡಿದು ಬಂದ ಹನಿ ಅಲ್ಲೇ ಕೆಳಗೆ ಬೀಳುತ್ತೆ. ಪೂರ್ತಿ ಕಬ್ಬಿಣದ ರ‍್ಯಾಕ್, ಸುತ್ತ ನೀರು, ಬರಿಗಾಲಲ್ಲಿ ಓಡಾಡೋ ಮನೆ. ಅರ್ಥಿಂಗ್ ಸರಿ ಇದೆಯಾ ನೋಡಿಸಿ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗೋ ಸ್ವಿಚ್) ಹಾಕಿಸು. ಇದರಲ್ಲಿ ಉಳಿತಾಯ ಮಾಡಬೇಡ.

ಹಳೇ_ಬಲೆ

ಅಕ್ಕಾರೆ, ಬೀದರಿನಲ್ಲಿ ನಿಮಗೆ ಡಿಸೆಂಬರ್‌ನ ಚಳಿ ಚಿಂತೆ, ನಮಗೆ ಮೇ ತಿಂಗಳ ಚಿಂತೆ. ಮೇಲಿನ ಅಂತಸ್ತು ಯಾವಾಗಲೂ ಕೆಳಗಿನದಕ್ಕಿಂತ ಬಿಸಿ. ನಮ್ಮದು ಪತ್ರಾಸಿನ (ತಗಡಿನ ಛಾವಣಿಯ) ಕೋಣೆ, ಹೊರಗೆ 42 ಡಿಗ್ರಿ ದಾಟಿದ ದಿನ ಮೇಲಿನ ಟ್ಯಾಂಕಿನ ನೀರಿಗೆ ಕೈ ಹಾಕಿದರೆ ಜಳಕಕ್ಕೆ ಕಾಯಿಸಿಟ್ಟಂಗೆ ಇರುತ್ತೆ. ನೀರು ಬಿಸಿ ಆದಷ್ಟೂ ಅದರಲ್ಲಿ ಆಕ್ಸಿಜನ್ ಕಡಿಮೆ ನಿಲ್ಲುತ್ತೆ, 25 ಡಿಗ್ರಿಯಲ್ಲಿ ಲೀಟರಿಗೆ 8 ಮಿಲಿಗ್ರಾಂ ಚಿಲ್ಲರೆ ಇದ್ದದ್ದು 35ಕ್ಕೆ ಏಳರ ಹತ್ತಿರ ಬರುತ್ತೆ. ಅದೇ ಹೊತ್ತಿಗೆ ಕರೆಂಟ್ ಹೋಗಬೇಕು. ಬ್ಯಾಟರಿ ಏರ್ ಪಂಪ್ ಒಂದಾದರೂ ಮನೆಯಲ್ಲಿರಲಿ. ಮೇಲೆ ಮೀನು ಕಡಿಮೆ ಬಿಡು, ಮರಿ ಕೆಳಗೆ ಇಡು.

ಗಪ್ಪಿಹುಡುಗ

ಇಪ್ಪತ್ತು ದಿನ ಆದ ಮೇಲೆ ಬಂದಿದ್ದೀನಿ, ಬೈಕೋಬೇಡಿ.

ಚೌಕಟ್ಟು ಮೂರೂ ಕಾಕಾ ಹೇಳಿದ ಅಳತೆಗೇ ಮಾಡಿಸಿದೆ. ಎದುರಿಗೆ ತೂಗಿಸಿದೆ, ಮೂರೂ ಸೇರಿ 31 ಕೆಜಿ. ಮೊದಲ ಅಂತಸ್ತು ನೆಲದಿಂದ ಆರಿಂಚು, ಆಮೇಲೆ 22 ಇಂಚಿಗೊಂದು. ಕೆಳಗೆ ಪರಸಿ ಕಲ್ಲು, ಮೇಲೆ ಎರಡಕ್ಕೂ ಪ್ಲೈವುಡ್. ಪ್ಲೈವುಡ್ಡಿನ ಕೊಯ್ದ ಅಂಚಿಗೂ ಪೇಂಟ್ ಹಚ್ಚಿದೆ. ಯಾರೂ ಹೇಳಿರಲಿಲ್ಲ, ನನಗೇ ಹೊಳೀತು, ಅದಕ್ಕೆ ಒಂದು ಶಭಾಷ್ ಬೇಕು.

ಲೆವೆಲ್‌ಗೆ ಪಟ್ಟಿ ಇರಲಿಲ್ಲ. ಗೌಂಡಿಗಳು ಲೆವೆಲ್ ಪೈಪ್ ಹಿಡಿತಾರಲ್ಲ, ಹಂಗೆ ಟ್ಯಾಂಕ್ ತೊಳೆಯೋ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಗುಳ್ಳೆ ಎಲ್ಲ ಹೊರಗೆ ಹೋಗೋವರೆಗೆ ಬೆರಳಲ್ಲಿ ಬಡಿದು, ಒಂದು ತುದಿ ನಾನು ಹಿಡಿದು ಇನ್ನೊಂದು ತುದಿ ತಂಗಿ ಕೈಗೆ ಕೊಟ್ಟೆ. ಮುಂದಿನ ಎಡಗಾಲು ಮೂರು ಎಂಎಂ ತಗ್ಗು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಒಂದು ತೆಳು ಪ್ಲೇಟ್ ಕೊಟ್ಟ ಮೇಲೆ ನಾಲ್ಕೂ ಕಡೆ ಗೆರೆ ಸಮ ಬಂತು. ಆಮೇಲೆ ಮೀನು ಬಿಡದೆ ಬರೀ ನೀರು ತುಂಬಿ ಒಂದು ವಾರ ಇಟ್ಟೆ, ಮೊದಲು ಕೆಳಗಿನ ಅಂತಸ್ತು, ಎರಡು ದಿನ ಬಿಟ್ಟು ನಡುವಿನದ್ದು, ಆಮೇಲೆ ಮೇಲಿನದ್ದು. ತುಂಬಿದ ಮೇಲೆ ಮತ್ತೆ ಪೈಪ್ ಹಿಡಿದೆ. ಅದೇ ಎಡಗಾಲು ಇನ್ನೂ ಒಂದು ಎಂಎಂ ಇಳಿದಿತ್ತು! ನೀರೆಲ್ಲ ಖಾಲಿ ಮಾಡಿ ಮತ್ತೆ ಪ್ಲೇಟ್. ಎರಿನೆಲ ಅಣ್ಣನ ಗೋಲಿ ಕಥೆ ಕೇಳಿ ನಕ್ಕಿದ್ದೆ, ಈಗ ನಗು ಬರ್ತಿಲ್ಲ.

ಗೋಡೆಗೆ ಆಂಕರ್ ಹೊಡೆದಾಯ್ತು. ಪಂಪ್ ಎಲ್ಲಕ್ಕಿಂತ ಮೇಲೆ.

ಆಂಗಲ್_ಕಾಕಾ, ಕಪನೂರ

ಶಭಾಷ್. ತಿಂಗಳು ಬಿಟ್ಟು ಬೋಲ್ಟ್ ಒಮ್ಮೆ ಬಿಗಿ ಮಾಡು. ಭಾರ ಕೂತ ಮೇಲೆ ಸಡಿಲ ಆಗ್ತವೆ.

ಬೀದರ್_ಅಕ್ಕ

ಒಂಬತ್ತೂ ತುಂಬಿತಾ?

ಗಪ್ಪಿಹುಡುಗ

ಎಂಟು ಅಕ್ಕಾ. ಕೆಳಗಿನ ಅಂತಸ್ತಿನಲ್ಲಿ ಒಂದು ಟ್ಯಾಂಕಿನ ಜಾಗಕ್ಕೆ ಅವ್ವ ಬಂದು ಉಪ್ಪಿನಕಾಯಿ ಭರಣಿ ಇಟ್ಟಳು. ತಣ್ಣಗಿರುತ್ತಂತೆ, ಕಲ್ಲು ಬೇರೆ ಇದೆಯಂತೆ. ಬಕೆಟ್ ಮೂರೂ ವಾಪಸ್ ಕೊಟ್ಟಿದ್ದೀನಿ. ಕೂಲರ್ ತೊಟ್ಟಿ ಇನ್ನೂ ನನ್ನ ಹತ್ತಿರವೇ ಇದೆ, ಯಾರಿಗೂ ನೆನಪಾಗಿಲ್ಲ.

ಸುಮ್ನೆ_ನೋಡುವವ

ಮಾರ್ಚ್ ಬರಲಿ, ನೆನಪಾಗುತ್ತೆ.

ಎರಿನೆಲ

ಭರಣಿ ಎಷ್ಟು ಕೆಜಿ?